ಮಣ್ಣಿನ ಹಣತೆಯ ಗುರು ಎಪಿಕ್ಟೆಟಸ್

ತತ್ತ್ವಶಾಸ್ತ್ರ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಅದು ಪ್ರಾಧ್ಯಾಪಕರ ಕೆಲಸ, ಇಲ್ಲವೇ ನಿವೃತ್ತಿಯ ನಂತರದ ಕಾಲಕ್ಷೇಪ ಎನಿಸುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು, ಕುಕ್ಕರ್ ಇಟ್ಟು, ಡಬ್ಬಿ ಕಟ್ಟಿ, ಲೋಕಲ್ ಹಿಡಿಯಲು ಓಡುವ ಹೆಂಗಸಿಗೂ ತತ್ತ್ವಕ್ಕೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು. ಆದರೆ ತತ್ತ್ವ ಇರುವುದೇ ಅಡುಗೆಮನೆಗೆ, ಸಂತೆಗೆ, ಸ್ನಾನದ ಮನೆಗೆ, ರೋಗಿಯ ಹಾಸಿಗೆಯ ಪಕ್ಕಕ್ಕೆ ಎಂದು ನಂಬಿ, ಹಾಗೆಯೇ ಪಾಠ ಹೇಳಿ, ಹಾಗೆಯೇ ಬಾಳಿದ ಒಬ್ಬ ಗುರು ಸುಮಾರು 1900 ವರ್ಷಗಳ ಹಿಂದೆ ಇದ್ದ. ಅವನ ಹೆಸರು ಎಪಿಕ್ಟೆಟಸ್. ಈ ಸಲದ ಸ್ಮರಣ ಸಂಚಿಕೆಗೆ ಅವನ ಬದುಕಿನ ಕಥೆಯನ್ನು ಬರೆಯುತ್ತಿದ್ದೇನೆ.

ಬರೆಯುವ ಮೊದಲು ಒಂದು ಮಾತು. ಅವನನ್ನು ಓದತೊಡಗಿದಾಗ ನನಗೊಂದು ಅನುಮಾನವಿತ್ತು. ಸಹಿಸಿಕೋ, ಹೊಂದಿಕೊಂಡು ಹೋಗು, ಮನಸ್ಸು ಗಟ್ಟಿ ಮಾಡಿಕೋ ಎಂಬ ಉಪದೇಶವನ್ನು ಹುಟ್ಟಿದಂದಿನಿಂದ ಕೇಳಿಕೊಂಡು ಬಂದವರು ನಾವು. ಲೋಕವನ್ನು ಬದಲಿಸಲಾಗದಿದ್ದರೆ ನಿನ್ನ ಮನಸ್ಸನ್ನು ನೋಡಿಕೋ ಎನ್ನುವ ಗುರು ಹೆಣ್ಣುಮಕ್ಕಳಿಗೆ ಹೊಸದಾಗಿ ಏನು ಹೇಳಿಯಾನು? ಅದೇ ಹಳೆಯ ಪಾಠಕ್ಕೆ ಗ್ರೀಕ್ ಹೆಸರು ಅಂಟಿಸಿದ್ದಾರೆಯೇ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನ ಕಥೆಯನ್ನು ನೋಡೋಣ.

ಎಪಿಕ್ಟೆಟಸ್ ಹುಟ್ಟಿದ್ದು ಸುಮಾರು ಕ್ರಿ.ಶ. 50ರಲ್ಲಿ, ಫ್ರಿಜಿಯಾ ಪ್ರಾಂತದ ಹೈರಾಪೊಲಿಸ್ ಎಂಬ ಊರಿನಲ್ಲಿ. ಇಂದಿನ ತುರ್ಕಿಯ ಪಾಮುಕ್ಕಲೆ ಇರುವುದು ಅಲ್ಲಿಯೇ. ಬಿಸಿನೀರಿನ ಬುಗ್ಗೆಗಳು ಹರಿದು ಹರಿದು ಹತ್ತಿಯ ರಾಶಿಯಂತೆ ಬೆಳ್ಳಗೆ ಹೆಪ್ಪುಗಟ್ಟಿದ ಮೆಟ್ಟಿಲು ಮೆಟ್ಟಿಲಾದ ಗುಡ್ಡ ಅದು. ಪ್ರವಾಸ ಹೋಗಿ ಬಂದವರ ಮೊಬೈಲಿನಲ್ಲಿ ಅದರ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಷ್ಟು ಚೆಂದದ ಊರಿನಲ್ಲಿ ಹುಟ್ಟಿದ ಈ ಹುಡುಗ ಮಾತ್ರ ಗುಲಾಮ. ಅವನ ಹೆಸರಿನ ಅರ್ಥವೇ ಕೊಂಡುತಂದದ್ದು, ಗಳಿಸಿಕೊಂಡದ್ದು ಎಂದು. ಮನೆಗೆ ತಂದ ಪಾತ್ರೆಗೆ ಹೆಸರು ಕೆತ್ತಿಸುವಂತೆ ಅವನಿಗೂ ಹೆಸರು ಬಿತ್ತು.

ಹುಡುಗ ರೋಮ್ ನಗರಕ್ಕೆ ಬಂದ. ಅವನ ಒಡೆಯ ಎಪಫ್ರೊಡಿಟಸ್, ಚಕ್ರವರ್ತಿ ನೀರೋನ ಕಾರ್ಯದರ್ಶಿ. ವಿಚಿತ್ರವೆಂದರೆ ಈ ಒಡೆಯನೂ ಒಂದು ಕಾಲಕ್ಕೆ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಈಗ ಹಣವಿತ್ತು, ಅಧಿಕಾರವಿತ್ತು, ಅರಮನೆಯ ಬಾಗಿಲು ತೆರೆದಿತ್ತು. ಆ ಮನೆಯಲ್ಲಿ ಬೆಳೆದ ಎಪಿಕ್ಟೆಟಸ್ ದೊಡ್ಡವರ ಬದುಕನ್ನು ತೀರ ಹತ್ತಿರದಿಂದ ಕಂಡ. ಮುಂದೆ ಗುರುವಾದ ಮೇಲೆ ಅವನು ತನ್ನ ಶಿಷ್ಯರಿಗೆ ಒಂದು ಪ್ರಸಂಗ ಹೇಳುತ್ತಿದ್ದ. ಎಪಫ್ರೊಡಿಟಸ್‌ನ ಬಳಿ ಚಪ್ಪಲಿ ಹೊಲಿಯುವ ಒಬ್ಬ ಗುಲಾಮನಿದ್ದ. ಕೆಲಸಕ್ಕೆ ಬಾರದವನೆಂದು ಒಡೆಯ ಅವನನ್ನು ಮಾರಿಬಿಟ್ಟ. ಅದೃಷ್ಟವಶಾತ್ ಅವನನ್ನು ಕೊಂಡದ್ದು ಅರಮನೆಯವರು. ಅವನು ಚಕ್ರವರ್ತಿಯ ಚಪ್ಪಲಿ ಹೊಲಿಯುವವನಾದ. ಅಂದಿನಿಂದ ಇದೇ ಎಪಫ್ರೊಡಿಟಸ್ ಅವನನ್ನು ಕಂಡಲ್ಲೆಲ್ಲ ಕುಶಲ ವಿಚಾರಿಸುತ್ತ, ಅವನ ಸಲಹೆ ಕೇಳುತ್ತ, ಓಲೈಸತೊಡಗಿದನಂತೆ. ಇಬ್ಬರಲ್ಲಿ ಗುಲಾಮ ಯಾರು? ಈ ಪ್ರಶ್ನೆ ಎಪಿಕ್ಟೆಟಸ್‌ನನ್ನು ಜೀವನವಿಡೀ ಬಿಡಲಿಲ್ಲ. ಬಿಡುಗಡೆಯ ಪತ್ರ ಸಿಕ್ಕವರೆಲ್ಲ ಸ್ವತಂತ್ರರಲ್ಲ ಎಂಬುದನ್ನು ಅವನು ಪುಸ್ತಕದಿಂದ ಕಲಿಯಲಿಲ್ಲ, ಒಡೆಯನ ಮನೆಯಲ್ಲಿಯೇ ಕಲಿತ.

ಅವನ ಒಂದು ಕಾಲು ಊನವಾಗಿತ್ತು. ಅದಕ್ಕೆ ಹಳೆಯವರು ಎರಡು ಕಾರಣ ಹೇಳುತ್ತಾರೆ. ವಾತರೋಗದಿಂದ ಹಾಗಾಯಿತು ಎಂಬುದು ಒಂದು. ಒಡೆಯ ಕಾಲನ್ನು ತಿರುಚಿದಾಗ, ಹೀಗೇ ತಿರುಚಿದರೆ ಮುರಿಯುತ್ತದೆ ಎಂದು ಹುಡುಗ ಶಾಂತವಾಗಿ ಎಚ್ಚರಿಸಿದ, ಮುರಿದ ಮೇಲೂ ಅಷ್ಟೇ ಶಾಂತವಾಗಿ ತಾನು ಮೊದಲೇ ಹೇಳಿದ್ದನ್ನು ನೆನಪಿಸಿದ ಎಂಬುದು ಇನ್ನೊಂದು. ಎರಡನೆಯ ಕಥೆಯೇ ಹೆಚ್ಚು ಪ್ರಸಿದ್ಧ. ನನಗೆ ಮುಖ್ಯವೆನಿಸುವುದು ಬೇರೆ. ಕಾಲಿನ ಊನ ಕಾಲಿಗೆ ಅಡ್ಡಿ, ಸಂಕಲ್ಪಕ್ಕೆ ಅಲ್ಲ ಎಂದು ಅವನು ಹೇಳುವಾಗ, ಆ ಮಾತು ಆರಾಮ ಕುರ್ಚಿಯಲ್ಲಿ ಕುಳಿತವನ ಮಾತಾಗಿರಲಿಲ್ಲ.

ಗುಲಾಮನಾಗಿರುವಾಗಲೇ ಅವನಿಗೆ ಒಬ್ಬ ಗುರು ದೊರೆತ. ಮುಸೋನಿಯಸ್ ರೂಫಸ್ ಎಂಬ ಈ ಗುರುವಿನ ಪರಿಚಯ ನಮ್ಮ ಮಹಿಳಾ ವಿಭಾಗಕ್ಕೆ ಇರಲೇಬೇಕು. ಆತ ಸ್ಟೋಯಿಕ್ ಪಂಥದವನು. ನೀರೋ ಕ್ರಿ.ಶ. 65ರಲ್ಲಿ ಅವನನ್ನು ಗ್ಯಾರೋಸ್ ಎಂಬ ಬರಡು ದ್ವೀಪಕ್ಕೆ ಗಡೀಪಾರು ಮಾಡಿದಾಗ, ಅಲ್ಲಿಯೂ ನೀರಿನ ಸೆಲೆ ಹುಡುಕಿಕೊಟ್ಟನೆಂಬ ಕಥೆಯಿದೆ. ಹೆಣ್ಣುಮಕ್ಕಳಿಗೂ ತತ್ತ್ವ ಕಲಿಸಬೇಕೇ ಎಂದು ಯಾರೋ ಕೇಳಿದಾಗ, ದೇವರು ಗಂಡಿಗೆ ಕೊಟ್ಟ ವಿವೇಕವನ್ನೇ ಹೆಣ್ಣಿಗೂ ಕೊಟ್ಟಿದ್ದಾನೆ, ಆದ್ದರಿಂದ ಮಗನಿಗೆ ಕಲಿಸಿದ್ದನ್ನು ಮಗಳಿಗೂ ಕಲಿಸಬೇಕು ಎಂದು ಆತ ವಾದಿಸಿದ. ಹಾಗೆ ಓದಿದ ಹೆಂಗಸರು ಮನೆಗೆಲಸ ಬಿಟ್ಟು ಚರ್ಚೆಗೆ ಕೂರುತ್ತಾರೆ ಎಂಬ ಆಕ್ಷೇಪ ಆಗಲೂ ಇತ್ತು! ಅದಕ್ಕೆ ಆತನ ಉತ್ತರ ಸರಳ: ಬರೀ ಮಾತಿಗಾಗಿ ಕೆಲಸ ಬಿಡುವುದು ಗಂಡಸಿಗೂ ಸಲ್ಲದು, ಓದಿದ್ದು ನಡೆಯಲ್ಲಿ ಕಾಣಬೇಕು. ಮೊದಲ ಶತಮಾನದ ರೋಮಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಪಾಠದಲ್ಲಿ ಮುಸೋನಿಯಸ್ ಬಹಳ ಬಿಗಿ. ಒಮ್ಮೆ ತರ್ಕದ ಲೆಕ್ಕವೊಂದರಲ್ಲಿ ಬಿಟ್ಟುಹೋದ ಹೆಜ್ಜೆಯನ್ನು ಎಪಿಕ್ಟೆಟಸ್ ಗುರುತಿಸಲಿಲ್ಲ. ಗುರು ಗದರಿದ. ನಾನೇನು ಕ್ಯಾಪಿಟೋಲ್ ದೇವಾಲಯಕ್ಕೆ ಬೆಂಕಿ ಹಚ್ಚಿದೆನೇ ಎಂದು ಶಿಷ್ಯ ಸಮರ್ಥಿಸಿಕೊಳ್ಳಲು ಹೋದ. ಈ ಹೊತ್ತಿನ ಮಟ್ಟಿಗೆ ಆ ಹೆಜ್ಜೆಯೇ ಕ್ಯಾಪಿಟೋಲ್ ಎಂದು ಗುರು ಬಾಯಿ ಮುಚ್ಚಿಸಿದ. ಎಪಿಕ್ಟೆಟಸ್ ಈ ಪೆಟ್ಟನ್ನು ಮರೆಯಲಿಲ್ಲ. ಮುಂದೆ ತನ್ನ ಶಿಷ್ಯರಿಗೆ ತಾನೇ ಇದನ್ನು ಹೇಳಿ, ಕೈಯಲ್ಲಿರುವ ಸಣ್ಣ ಕೆಲಸವನ್ನು ಸಣ್ಣದೆಂದು ಬಿಡಬೇಡಿ ಎಂದು ತಿದ್ದುತ್ತಿದ್ದ.

ಕಾಲಾನಂತರ ಅವನಿಗೆ ಬಿಡುಗಡೆ ದೊರೆತು, ರೋಮಿನಲ್ಲಿಯೇ ಪಾಠ ಹೇಳತೊಡಗಿದ. ಅವನ ಮನೆಗೆ ಚಿಲಕವೇ ಬೇಕಿರಲಿಲ್ಲ, ಒಳಗೆ ಚಾಪೆ ಹಾಸಿಗೆ ಬಿಟ್ಟರೆ ಕದಿಯಲು ಏನೂ ಇರಲಿಲ್ಲ ಎನ್ನುತ್ತಾರೆ. ಆದರೆ ಆಳುವವರಿಗೆ ಪ್ರಶ್ನೆ ಕೇಳುವವರೆಂದರೆ ಭಯ. ಚಕ್ರವರ್ತಿ ಡೊಮಿಷಿಯನ್ ತನ್ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ತತ್ತ್ವಜ್ಞಾನಿಗಳನ್ನೆಲ್ಲ ಊರು ಬಿಡಿಸಿದ. ಎಪಿಕ್ಟೆಟಸ್ ಸಮುದ್ರ ದಾಟಿ ಗ್ರೀಸಿನ ಪಶ್ಚಿಮ ತೀರದ ನಿಕೊಪೊಲಿಸ್ ಸೇರಿದ. ಇಂದಿನ ಪ್ರೆವೆಜಾ ಪಟ್ಟಣದ ಹತ್ತಿರ ಅದರ ಅವಶೇಷಗಳು ಈಗಲೂ ಇವೆ. ಊರು ಬಿಟ್ಟ ದುಃಖಕ್ಕೆ ಅವನು ಅಲ್ಲಿ ಕೂತು ಅಳಲಿಲ್ಲ, ಮತ್ತೆ ಶಾಲೆ ತೆರೆದ. ಊರು ಬಿಟ್ಟು ಬಂದು ಬೇರೆ ಭಾಷೆಯ ನೆಲದಲ್ಲಿ ಸಂಘ ಕಟ್ಟಿಕೊಂಡ ನಮಗೆ ಇದು ಅರ್ಥವಾಗದ ವಿಷಯವಲ್ಲ.

ಆ ಶಾಲೆಗೆ ರೋಮ್ ಸಾಮ್ರಾಜ್ಯದ ಮೂಲೆಮೂಲೆಯಿಂದ ಶ್ರೀಮಂತರ ಮಕ್ಕಳು ಬಂದರು. ಬಂದವರಿಗೆ ಗುರು ಮೊದಲೇ ಹೇಳುತ್ತಿದ್ದ, ಇದು ಆಸ್ಪತ್ರೆ, ನಗುತ್ತ ಹೊರಗೆ ಹೋಗುವ ಜಾಗವಲ್ಲ, ನೋವು ಅನುಭವಿಸಿ ಗುಣವಾಗುವ ಜಾಗ ಎಂದು. ಹಳೆಯ ಗ್ರಂಥಗಳನ್ನು ಗಡಗಡ ಅರ್ಥ ಹೇಳಿ ಬೀಗುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕುರಿ ತಾನು ಎಷ್ಟು ಹುಲ್ಲು ತಿಂದೆ ಎಂದು ಕುರುಬನಿಗೆ ತಂದು ತೋರಿಸುವುದಿಲ್ಲ, ಉಣ್ಣೆ ಕೊಡುತ್ತದೆ, ಹಾಲು ಕೊಡುತ್ತದೆ. ಓದಿದವರೂ ಹಾಗೆಯೇ ಇರಬೇಕು ಎನ್ನುತ್ತಿದ್ದ. ಬೆಳಗಿನ ಸುವಿಚಾರಗಳನ್ನು ವಾಟ್ಸಾಪಿನಲ್ಲಿ ಮುಂದಕ್ಕೆ ತಳ್ಳುವ ನಾವೆಲ್ಲರೂ ಈ ಕುರಿಯನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ಅವನ ಪಾಠದ ಬೇರು ಒಂದೇ. ಲೋಕದಲ್ಲಿ ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ನಾವು ಒಂದು ಸಂಗತಿಯನ್ನು ಹೇಗೆ ತಿಳಿಯುತ್ತೇವೆ, ಏನನ್ನು ಬಯಸುತ್ತೇವೆ, ಏನನ್ನು ಬೇಡವೆನ್ನುತ್ತೇವೆ, ಏನು ಮಾಡಲು ಹೊರಡುತ್ತೇವೆ, ಇವು ನಮ್ಮವು. ಮೈ, ಹಣ, ಪದವಿ, ನಾಲ್ಕು ಜನರ ಬಾಯಲ್ಲಿ ಬರುವ ಹೆಸರು, ಇವು ಪೂರ್ತಿ ನಮ್ಮ ಕೈಯಲ್ಲಿಲ್ಲ. ಇವೆರಡನ್ನು ಬೆರೆಸಿದಲ್ಲಿಂದ ಸಂಕಟ ಶುರು. ಕೇಳಲು ಸುಲಭ, ಆದ್ದರಿಂದಲೇ ಅವನು ಇದನ್ನು ಮಾತಿನಲ್ಲಿ ಬಿಡದೆ ದಿನನಿತ್ಯದ ಅಭ್ಯಾಸವನ್ನಾಗಿ ಮಾಡಿಸಿದ. ಮೊದಲು ಸಣ್ಣದರಿಂದ ಆರಂಭಿಸಿ ಎಂದ. ಎಣ್ಣೆ ಚೆಲ್ಲಿತೇ? ಮಡಕೆ ಒಡೆಯಿತೇ? ಮನಶ್ಶಾಂತಿಗೆ ಇದು ನಾನು ಕೊಟ್ಟ ಬೆಲೆ, ಬಿಟ್ಟಿ ಏನೂ ಸಿಗುವುದಿಲ್ಲ ಎಂದುಕೊಳ್ಳಿ. ಸಾರ್ವಜನಿಕ ಸ್ನಾನಗೃಹಕ್ಕೆ ಹೊರಟಿದ್ದೀರೋ? ಅಲ್ಲಿ ನೀರು ಎರಚುವವರು, ನೂಕುವವರು, ಬಯ್ಯುವವರು, ಕದಿಯುವವರು ಇರುತ್ತಾರೆಂದು ಹೊರಡುವ ಮೊದಲೇ ನೆನೆದುಕೊಳ್ಳಿ. ನಿಮಗೆ ಬೇಕಿರುವುದು ಸ್ನಾನವೊಂದೇ ಅಲ್ಲ, ಸ್ನಾನದ ಜೊತೆಗೆ ನಿಮ್ಮ ಮನಸ್ಸೂ ಕೆಡದಿರುವುದು ಎಂದು ಹೇಳಿಕೊಳ್ಳಿ.

ಇದನ್ನು ಓದಿದಾಗ ನನಗೆ ನಗು ಬಂತು. ಇಪ್ಪತ್ತೆಂಟು ವರ್ಷ ಡೊಂಬಿವಲಿಯಿಂದ ಮುಂಬಯಿಗೆ ಲೋಕಲ್ಲಿನ ಮಹಿಳಾ ಡಬ್ಬಿಯಲ್ಲಿ ಓಡಾಡಿದವಳು ನಾನು. ಮೊಣಕೈ ಚುಚ್ಚುವವರು, ನಾಲ್ಕನೆಯ ಸೀಟಿಗೆ ಜಗಳವಾಡುವವರು, ಬಾಗಿಲಲ್ಲಿ ನಿಂತು ಇಳಿಯಲು ಬಿಡದವರು, ಎಲ್ಲರನ್ನೂ ಆ ಪುಣ್ಯಾತ್ಮ ಆಗಲೇ ಕಂಡಿದ್ದ. ಅವನ ಸ್ನಾನಗೃಹ ನಮ್ಮ ಎಂಟು ಹತ್ತರ ಫಾಸ್ಟ್ ಲೋಕಲ್ಲೇ.

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ಇದು ಸಹಿಸಿಕೊಳ್ಳುವ ಪಾಠವೇ? ಎಪಿಕ್ಟೆಟಸ್ ತನ್ನ ಶಿಷ್ಯರಿಗೆ ಮಾದರಿಯಾಗಿ ಹೇಳುತ್ತಿದ್ದವರಲ್ಲಿ ಹೆಲ್ವಿಡಿಯಸ್ ಪ್ರಿಸ್ಕಸ್ ಒಬ್ಬ. ಅವನು ರೋಮಿನ ಸೆನೆಟ್ ಸದಸ್ಯ. ಸಭೆಗೆ ಬರಬೇಡ ಎಂದು ಚಕ್ರವರ್ತಿ ವೆಸ್ಪಾಷಿಯನ್ ಹೇಳಿಕಳಿಸಿದ. ಸದಸ್ಯತ್ವ ತೆಗೆಯುವುದು ನಿನ್ನ ಕೈಯಲ್ಲಿದೆ, ಸದಸ್ಯನಾಗಿರುವವರೆಗೆ ಸಭೆಗೆ ಬರುವುದು ನನ್ನ ಕರ್ತವ್ಯ ಎಂದ ಹೆಲ್ವಿಡಿಯಸ್. ಬಂದರೂ ಬಾಯಿ ತೆರೆಯಬೇಡ ಎಂದರೆ, ಅಭಿಪ್ರಾಯ ಕೇಳಬೇಡ, ಕೇಳಿದರೆ ಸರಿಯೆನಿಸಿದ್ದನ್ನು ಹೇಳಲೇಬೇಕು ಎಂದ. ಕೊಲ್ಲಿಸುವುದು ನಿನ್ನ ಕೆಲಸ, ಅಂಜದೆ ಸಾಯುವುದು ನನ್ನ ಕೆಲಸ ಎಂಬಲ್ಲಿಗೆ ಆ ಸಂವಾದ ಮುಗಿಯುತ್ತದೆ. ಮುಂದೆ ಅವನನ್ನು ಗಡೀಪಾರು ಮಾಡಿ ಕೊಂದರು. ಗಮನಿಸಿ, ಇಲ್ಲಿ ಸಹಿಸಿಕೊಂಡು ಸುಮ್ಮನಿರುವುದು ಎಲ್ಲಿಯೂ ಇಲ್ಲ. ನಮ್ಮ ಕೈಯಲ್ಲಿರುವುದರ ಪಟ್ಟಿಯಲ್ಲಿ ಬೇಡವೆನ್ನುವ ಶಕ್ತಿಯೂ ಇದೆ ಎಂಬುದು ನನಗೆ ಸ್ಪಷ್ಟವಾದದ್ದು ಈ ಪ್ರಸಂಗದಿಂದ. ಎದುರಿನವರ ಕೋಪ ನಮ್ಮ ಕೈಯಲ್ಲಿಲ್ಲ. ಆ ಕೋಪಕ್ಕೆ ಹೆದರಿ ತಪ್ಪನ್ನು ಸರಿ ಎನ್ನುವುದೂ ಬಿಡುವುದೂ ಮಾತ್ರ ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಪ್ರಸಂಗ ನನ್ನನ್ನು ಇನ್ನೂ ಹತ್ತಿರದಿಂದ ತಟ್ಟಿತು. ಒಬ್ಬ ಅಧಿಕಾರಿ ಗುರುವನ್ನು ನೋಡಲು ಬಂದಿದ್ದ. ತನ್ನ ಪುಟ್ಟ ಮಗಳಿಗೆ ಕಾಯಿಲೆ ಜೋರಾದಾಗ ನೋಡಲಾಗದೆ ಮನೆಯಿಂದ ಓಡಿಹೋದೆ, ಗುಣವಾದ ಸುದ್ದಿ ಬಂದ ಮೇಲೆ ಮರಳಿದೆ, ಅಷ್ಟು ಪ್ರೀತಿ ಅವಳ ಮೇಲೆ ಎಂದ. ಎಪಿಕ್ಟೆಟಸ್ ಬಯ್ಯಲಿಲ್ಲ, ಒಂದೊಂದೇ ಪ್ರಶ್ನೆ ಕೇಳಿದ. ಮಗುವಿನ ತಾಯಿಗೆ ಪ್ರೀತಿ ಇರಲಿಲ್ಲವೇ? ದಾದಿಗೆ? ಪ್ರೀತಿಯೆಂದರೆ ಬಿಟ್ಟು ಹೋಗುವುದಾದರೆ ಅವರೂ ಹೋಗಬೇಕಿತ್ತಲ್ಲವೇ? ಆಗ ಮಗು ಯಾರ ಕೈಯಲ್ಲಿರುತ್ತಿತ್ತು? ನಿನಗೆ ಕಾಯಿಲೆಯಾದಾಗ ನಿನ್ನವರು ಇದೇ ರೀತಿ ಪ್ರೀತಿಸಿದರೆ ಆದೀತೇ? ನಿಧಾನವಾಗಿ ಆ ತಂದೆಯೇ ಒಪ್ಪುವಂತಾಯಿತು. ಅವನನ್ನು ಓಡಿಸಿದ್ದು ಪ್ರೀತಿಯಲ್ಲ, ತನಗೆ ಹಾಗೆ ಮಾಡುವುದೇ ಸರಿ ಎನಿಸಿದ ಅವನದೇ ಎಣಿಕೆ.

ನನ್ನ ಅತ್ತೆಯವರು ಪಾರ್ಶ್ವವಾಯುವಿನಿಂದ ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ಅವರ ಹತ್ತಿರದವರೇ ಕೆಲವರು, ಅವರನ್ನು ಆ ಸ್ಥಿತಿಯಲ್ಲಿ ನೋಡಲಾಗುವುದಿಲ್ಲ, ಅದಕ್ಕೇ ಬರುವುದಿಲ್ಲ ಎಂದು ಫೋನಿನಲ್ಲಿ ಅಳುತ್ತಿದ್ದರು. ಆ ಅಳು ಸುಳ್ಳಲ್ಲ. ಆದರೆ ಹಾಸಿಗೆ ಬದಲಿಸುವುದು ಅಳುವಿನಿಂದ ಆಗುವ ಕೆಲಸವಲ್ಲ. ಎಪಿಕ್ಟೆಟಸ್ ಹೇಳುವ ಇನ್ನೊಂದು ಮಾತು ಆಗ ನನಗೆ ಉಪಯೋಗಕ್ಕೆ ಬಂತು. ಪ್ರತಿಯೊಂದಕ್ಕೂ ಎರಡು ಹಿಡಿಗಳಿವೆ, ಒಂದರಿಂದ ಎತ್ತಬಹುದು, ಇನ್ನೊಂದರಿಂದ ಆಗುವುದಿಲ್ಲ. ಅಣ್ಣ ಅನ್ಯಾಯ ಮಾಡಿದರೆ ಅನ್ಯಾಯ ಎಂಬ ಕಡೆಯಿಂದ ಹಿಡಿದರೆ ಭಾರ ಏಳುವುದಿಲ್ಲ, ಒಡಹುಟ್ಟಿದವನು ಎಂಬ ಕಡೆಯಿಂದ ಹಿಡಿ ಎಂದವನು ಆತ. ನಾನು ಆ ಕಡೆಯಿಂದ ಹಿಡಿದು, ಬಾರದವರನ್ನು ದೂರುವುದು ಬಿಟ್ಟು, ಭಾನುವಾರ ಮಧ್ಯಾಹ್ನ ಮೂರು ಗಂಟೆ ನೀವು ಬಂದು ಕೂರಬೇಕು ಎಂದು ನೇರವಾಗಿ ಕೇಳಿದೆ. ಒಬ್ಬರು ಬಂದರು. ಇನ್ನೊಬ್ಬರು ಬರಲಿಲ್ಲ. ಕೇಳುವುದು ನನ್ನದು, ಬರುವುದು ಅವರದು. ಇಷ್ಟು ತಿಳಿದ ಮೇಲೆ ಮೊದಲಿನಷ್ಟು ಉರಿ ಇರಲಿಲ್ಲ.

ಹಾಗೆಂದು ಅವನು ಹೇಳಿದ್ದೆಲ್ಲ ನನಗೆ ಒಪ್ಪಿಗೆಯಿಲ್ಲ. ಮಗುವಿಗೆ ಮುತ್ತಿಡುವಾಗ ಇದು ಮರ್ತ್ಯ ಎಂದು ನೆನೆದುಕೋ ಎಂಬ ಅವನ ಪಾಠ ನನ್ನ ಗಂಟಲಲ್ಲಿ ಈಗಲೂ ಇಳಿಯುವುದಿಲ್ಲ. ಅಳುಬುರುಕತನಕ್ಕೆ ಹೆಂಗಸರ ಹೆಸರು ಹಿಡಿಯುವ ಚಾಳಿಯೂ ಅವನಿಗಿತ್ತು. ಆ ವಿಷಯದಲ್ಲಿ ಗುರು ಮುಸೋನಿಯಸ್‌ನಷ್ಟು ಎತ್ತರಕ್ಕೆ ಅವನು ಏರಲಿಲ್ಲ. ಆದರೂ, ಹದಿನಾಲ್ಕು ತುಂಬಿದ ಹುಡುಗಿಯರನ್ನು ಗಂಡಸರು ಹೊಗಳತೊಡಗುತ್ತಾರೆ, ತಮಗೆ ಬೇರೇನೂ ದಾರಿಯಿಲ್ಲವೆಂದು ತಿಳಿದು ಅವರು ಅಲಂಕಾರದಲ್ಲೇ ಭರವಸೆ ಇಡುತ್ತಾರೆ, ಅವರ ನಡತೆಯಿಂದಲೇ ಗೌರವ ಎಂದು ಅವರಿಗೆ ತಿಳಿಯುವಂತೆ ನೋಡಿಕೊಳ್ಳಬೇಕು ಎಂದವನೂ ಅವನೇ. ಸಿಟ್ಟಿನಲ್ಲಿ ಆಳನ್ನು ಗದರುವ ಒಡೆಯನಿಗೆ, ಅವನೂ ದೇವರ ಮಗನೇ, ನಿನ್ನ ಒಡಹುಟ್ಟೇ ಎಂದು ನೆನಪಿಸಿದವನೂ ಅವನೇ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು ಎರಡು ದಿನ ಬಾರದಿದ್ದಾಗ ನೆನಪಾಗಬೇಕಾದ ಮಾತು ಇದು.

ಹಣತೆಯ ಕಥೆ ಹೇಳದಿದ್ದರೆ ಎಪಿಕ್ಟೆಟಸ್‌ನ ಕಥೆ ಪೂರ್ತಿಯಾಗದು. ಅವನ ಮನೆಯ ದೇವರ ಬಳಿ ಒಂದು ಕಬ್ಬಿಣದ ದೀಪವಿತ್ತು. ಒಂದು ರಾತ್ರಿ ಕಳ್ಳ ಅದನ್ನು ಎತ್ತಿಕೊಂಡು ಹೋದ. ನಾಳೆ ಮಣ್ಣಿನದು ತಂದರಾಯಿತು ಎಂದುಕೊಂಡ ಗುರು. ಒಂದು ದೀಪಕ್ಕಾಗಿ ಆ ಮನುಷ್ಯ ಕಳ್ಳನಾದ, ಬಹಳ ದುಬಾರಿ ಬೆಲೆ ತೆತ್ತ ಎಂದು ಮರುಕವನ್ನೂ ಪಟ್ಟ. ಅವನು ತೀರಿಕೊಂಡ ಮೇಲೆ ಯಾರೋ ಆ ಮಣ್ಣಿನ ಹಣತೆಯನ್ನು 3000 ದ್ರಾಕ್ಮಾ ಕೊಟ್ಟು ಕೊಂಡರಂತೆ. ಅದರ ಬೆಳಕಿನಲ್ಲಿ ಓದಿದರೆ ತನಗೂ ಆ ವಿವೇಕ ಬರುತ್ತದೆಂದು ಆಸೆ! ಲೂಷಿಯನ್ ಎಂಬ ಹಾಸ್ಯಲೇಖಕ ಇದನ್ನು ಬರೆದು ಚೆನ್ನಾಗಿ ನಕ್ಕಿದ್ದಾನೆ.

ಎಪಿಕ್ಟೆಟಸ್ ಬಹುಕಾಲ ಒಂಟಿಯಾಗಿದ್ದ. ತತ್ತ್ವಜ್ಞಾನಿ ಮದುವೆಯಾಗಿ ಮಕ್ಕಳನ್ನು ಪಡೆಯಬೇಕು ಎಂದು ಅವನು ಡೆಮೊನಾಕ್ಸ್ ಎಂಬವನಿಗೆ ಬುದ್ಧಿ ಹೇಳಿದಾಗ, ಹಾಗಾದರೆ ನಿನ್ನ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಕೊಡು ಎಂದು ಆತ ತಿರುಗಿಸಿ ಕುಟುಕಿದನಂತೆ. ಮುಪ್ಪಿನಲ್ಲಿ ಮಾತ್ರ ಅವನ ಮನೆಯಲ್ಲಿ ಮಗುವಿನ ಸದ್ದು ಕೇಳಿತು. ಬಡತನದಿಂದಾಗಿ ಗೆಳೆಯನೊಬ್ಬ ತನ್ನ ಕೂಸನ್ನು ಬೀದಿಪಾಲು ಮಾಡುವುದರಲ್ಲಿದ್ದ. ಆ ಕಾಲದಲ್ಲಿ ಅದು ಅಪರೂಪವಲ್ಲ. ಎಪಿಕ್ಟೆಟಸ್ ಆ ಕೂಸನ್ನು ತನ್ನ ಮನೆಗೆ ತಂದ, ಸಾಕಲು ಒಬ್ಬ ಹೆಂಗಸನ್ನು ಕರೆತಂದ. ಯಾವುದೂ ನಮ್ಮದಲ್ಲ ಎಂದು ಕಲಿಸಿದವನು ಯಾರಿಗೂ ಬೇಡವಾದದ್ದನ್ನು ತನ್ನದು ಮಾಡಿಕೊಂಡ. ಸುಮಾರು ಕ್ರಿ.ಶ. 135ರಲ್ಲಿ ತೀರಿಕೊಂಡ.

ಅವನು ತಾನಾಗಿ ಒಂದು ಸಾಲನ್ನೂ ಬರೆದಿಡಲಿಲ್ಲ. ಶಿಷ್ಯ ಆರಿಯನ್ ತರಗತಿಯಲ್ಲಿ ಕೇಳಿದ್ದನ್ನು ಬರೆದುಕೊಂಡ. ಶಾಲೆಯ ಇತಿಹಾಸದಲ್ಲಿ ಅಲೆಕ್ಸಾಂಡರನ ದಂಡಯಾತ್ರೆ ಓದಿದವರಿಗೆ ಈ ಆರಿಯನ್ ಪರಿಚಿತ. ಆ ದಂಡಯಾತ್ರೆಯ ಚರಿತ್ರೆಯನ್ನೂ ನಮ್ಮ ದೇಶದ ಕುರಿತು ಇಂಡಿಕಾ ಎಂಬ ಪುಸ್ತಕವನ್ನೂ ಬರೆದವನು ಇವನೇ. ಗುರುವಿನ ಪಾಠಗಳ ಎಂಟು ಸಂಪುಟಗಳಲ್ಲಿ ನಾಲ್ಕು ಉಳಿದಿವೆ. ಅದರ ಸಾರವಾಗಿ ಎನ್‌ಕೈರಿಡಿಯನ್, ಅಂದರೆ ಕೈಪಿಡಿ, ಎಂಬ ಪುಟ್ಟ ಪುಸ್ತಕವಿದೆ. 161ರಿಂದ 180ರವರೆಗೆ ಆಳಿದ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಈ ಪಾಠಗಳನ್ನು ಓದಿಯೇ ತನ್ನನ್ನು ತಿದ್ದಿಕೊಂಡ. ಗುಲಾಮನ ಮಾತು ಸಿಂಹಾಸನದವರೆಗೆ ಹೋಯಿತು.

ಇಂಗ್ಲಿಷಿಗೆ ಇದನ್ನೆಲ್ಲ ತಂದವಳು ಒಬ್ಬ ಹೆಂಗಸು ಎಂಬುದು ನನಗೆ ವಿಶೇಷ ಸಂತೋಷ. ಇಂಗ್ಲೆಂಡಿನ ಡೀಲ್ ಎಂಬ ಕಡಲೂರಿನ ಎಲಿಜಬೆತ್ ಕಾರ್ಟರ್, 1717ರಲ್ಲಿ ಹುಟ್ಟಿದವಳು, ಪಾದ್ರಿಯಾಗಿದ್ದ ತಂದೆಯಿಂದ ಗ್ರೀಕ್ ಕಲಿತಳು. ಕಾಲೇಜಿನ ಬಾಗಿಲು ಹೆಣ್ಣಿಗೆ ಮುಚ್ಚಿದ್ದ ಕಾಲ. ಮನೆಗೆಲಸ ನೋಡಿಕೊಳ್ಳುತ್ತ, ತಮ್ಮನನ್ನು ಕೇಂಬ್ರಿಜ್‌ಗೆ ಸಿದ್ಧಪಡಿಸುತ್ತ, ಸುಮಾರು ಒಂಬತ್ತು ವರ್ಷ ಅನುವಾದ ಮಾಡಿ 1758ರಲ್ಲಿ ಪ್ರಕಟಿಸಿದಳು. ಅದರಿಂದ ಬಂದ ಸುಮಾರು 1000 ಪೌಂಡ್ ಅವಳಿಗೆ ಸ್ವಂತ ಬದುಕು ಕೊಟ್ಟಿತು. ಅವಳು ಕಡುಬು ಮಾಡುವುದರಲ್ಲಿಯೂ ಎಪಿಕ್ಟೆಟಸ್‌ನನ್ನು ಅನುವಾದಿಸುವುದರಲ್ಲಿಯೂ ನಿಪುಣೆ ಎಂದು ಸ್ನೇಹಿತ ಸ್ಯಾಮ್ಯುಯೆಲ್ ಜಾನ್ಸನ್ ಮೆಚ್ಚಿದ. ಗಂಡಸು ಅನುವಾದಿಸಿದ್ದರೆ ಕಡುಬಿನ ಮಾತು ಬರುತ್ತಿರಲಿಲ್ಲ ಎಂದು ನಾವು ನಗಬಹುದು!

ಗೆಳತಿಯರೇ, ಎಪಿಕ್ಟೆಟಸ್ ತನ್ನ ಶಿಷ್ಯರಿಗೆ ನೆನಪಿಸುತ್ತಿದ್ದ ಒಂದು ಹಳೆಯ ಅಭ್ಯಾಸವಿದೆ. ರಾತ್ರಿ ಮಲಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವುದು. ಇಂದು ಎಲ್ಲಿ ತಪ್ಪಿದೆ, ಏನು ಮಾಡಿದೆ, ಮಾಡಬೇಕಾದದ್ದು ಏನು ಉಳಿಯಿತು. ಇದಕ್ಕೆ ಹಣ ಬೇಡ, ಹೊರಗೆ ಹೋಗುವುದು ಬೇಡ, ಮನೆಯವರ ಅನುಮತಿಯೂ ಬೇಡ. ನನ್ನದೊಂದು ಸಲಹೆ: ನಾಲ್ಕನೆಯ ಪ್ರಶ್ನೆಯೊಂದನ್ನು ನಾವು ಸೇರಿಸಿಕೊಳ್ಳೋಣ. ನನ್ನ ಕೈಯಲ್ಲಿದ್ದ ಯಾವುದನ್ನು ಇಂದು ನನ್ನ ಕೈಯಲ್ಲಿಲ್ಲವೆಂದು ಬಿಟ್ಟುಕೊಟ್ಟೆ? ನಮ್ಮ ಮುಂದಿನ ತಿಂಗಳ ಮಹಿಳಾ ಸಭೆಯಲ್ಲಿ ಕೈಪಿಡಿಯ ಮೊದಲ ಐದು ಅಧ್ಯಾಯಗಳನ್ನು ಒಟ್ಟಿಗೆ ಓದಿ, ಕನ್ನಡದಲ್ಲಿ ಚರ್ಚಿಸೋಣ. ಐದೂ ಸೇರಿ ಒಂದು ಕಪ್ ಚಹಾ ಮುಗಿಯುವುದರೊಳಗೆ ಓದಿ ಮುಗಿಯುತ್ತವೆ. ಚರ್ಚೆ ಎಷ್ಟು ಹೊತ್ತಾಗುತ್ತದೋ, ಅದು ನಿಮಗೆ ಬಿಟ್ಟದ್ದು.